ಗಾದಿಯ ಮೇಲೆ ಬರಿಗಾಲು

ಬೇಲೂರಿನ ಒಂದು ಜವಳಿ ಅಂಗಡಿಯಲ್ಲಿ ನಾನು ಸೀರೆ ತೋರಿಸುವವಳು. ಅದರಲ್ಲೂ ಧಾರೆ ಸೀರೆ. ಮದುವೆ ಜವಳಿಗೆ ಅಂತ ಒಂದು ಹಿಂಡು ಜನ ಬಂದು ಕೂತರೆ, ಯಾರು ಒಪ್ಪಿದರೆ ಉಳಿದವರೆಲ್ಲ ಒಪ್ಪುತ್ತಾರೆ ಅನ್ನುವುದು ಅವರು ನೀರು ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ನನಗೆ ಗೊತ್ತಾಗಿಬಿಡುತ್ತದೆ. ಎಷ್ಟೋ ಸಲ ಅದು ಹುಡುಗಿಯೂ ಅಲ್ಲ, ಅವಳ ತಾಯಿಯೂ ಅಲ್ಲ. ಮೂಲೆಯಲ್ಲಿ ತುಟಿ ಬಿಗಿದುಕೊಂಡು ಕೂತ ಸೋದರತ್ತೆ. ಸೆರಗನ್ನು ಅವಳ ಕಡೆಗೆ ತಿರುಗಿಸಿ ಹರಡಿ, "ನೀವು ಹೇಳಿ ಅಕ್ಕಾ, ನಿಮ್ ಕಣ್ಣಿಗೆ ಹೆಂಗೆ ಕಾಣ್ತೈತೆ?" ಅಂದರೆ ಅರ್ಧ ವ್ಯಾಪಾರ ಮುಗಿದಂತೆ. ಮದುವೆಯಾದ ಹೊಸದರಲ್ಲಿ ಸೇರಿದ ಕೆಲಸ ಇದು. ಮಗಳ ಮದುವೆ ಮಾಡಿದ ಮೇಲೂ ಬಿಟ್ಟಿಲ್ಲ. ಹಳೇಬೀಡಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತೇನೆ.

ನನ್ನದು ಬಾಯಿ ಬೊಂಬಾಯಿ ಅಂತ ಮನೆಯಲ್ಲೂ ಅನ್ನುತ್ತಾರೆ, ಅಂಗಡಿಯಲ್ಲೂ ಅನ್ನುತ್ತಾರೆ. ಅನ್ನಲಿ. ಬಾಯಿ ಇಲ್ಲದಿದ್ದರೆ ಈ ಕೆಲಸವೂ ಇರುತ್ತಿರಲಿಲ್ಲ, ಬಹುಶಃ ಈ ಕಾಲೂ ಇರುತ್ತಿರಲಿಲ್ಲ.

ಅಂಗಡಿಯ ಒಳಗೆ ಮೊಣಕಾಲೆತ್ತರದ ಕಟ್ಟೆ. ಅದರ ಮೇಲೆ ಉದ್ದಕ್ಕೂ ದಪ್ಪ ಹತ್ತಿಯ ಹಾಸು, ಅದಕ್ಕೆ ಬಿಳಿ ಹೊದಿಕೆ. ಅದನ್ನೇ ಗಾದಿ ಅನ್ನುವುದು. ಗಿರಾಕಿಗಳು ಎದುರಿನ ಬೆಂಚಿನ ಮೇಲೆ, ನಾವು ಗಾದಿಯ ಮೇಲೆ ನಿಂತು ಸೀರೆ ಬಿಡಿಸಬೇಕು. ಚಪ್ಪಲಿಯೆಲ್ಲ ಬೀದಿಬಾಗಿಲ ಹೊರಗೆ. ಬಟ್ಟೆ ಅಂದರೆ ಲಕ್ಷ್ಮಿ, ಲಕ್ಷ್ಮಿ ಇರುವಲ್ಲಿ ಯಾರಾದರೂ ಚಪ್ಪಲಿ ಮೆಟ್ಟುತ್ತಾರಾ? ನಮ್ಮ ಸಾಹುಕಾರರು ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ವಿಭೂತಿ ಹಚ್ಚಿದ ಹಣೆಯನ್ನು ಗಾದಿಗೆ ಮುಟ್ಟಿಸಿ, ಆಮೇಲೆಯೇ ಹತ್ತಿ ಗಲ್ಲಾಪೆಟ್ಟಿಗೆಯ ಪಕ್ಕ ಕೂರುವುದು. ಅವರ ಅಪ್ಪ ಹಾಗೆ ಮಾಡುತ್ತಿದ್ದರಂತೆ, ಅರಸೀಕೆರೆಯ ದೊಡ್ಡ ಅಂಗಡಿಯಲ್ಲಿ ಅವರ ಅಣ್ಣ ಈಗಲೂ ಹಾಗೆಯೇ ಮಾಡುತ್ತಾರೆ. ನಾನೂ ಇಷ್ಟು ವರ್ಷ ಹತ್ತುವಾಗ ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಂಡೇ ಹತ್ತಿದವಳು. ಆ ನಿಯಮದ ಮೇಲೆ ನನಗೆ ಯಾವತ್ತೂ ತಕರಾರು ಇರಲಿಲ್ಲ.

ಸಕ್ಕರೆ ಕಾಯಿಲೆ ಅಂತ ಗೊತ್ತಾದ ದಿನವೇ ನಾನು ಸಾಹುಕಾರರಿಗೆ ಹೇಳಿದೆ. ಮುಚ್ಚಿಟ್ಟುಕೊಂಡು ಒದ್ದಾಡುವ ಜಾಯಮಾನ ನನ್ನದಲ್ಲ. ಅವರು ಕನ್ನಡಕದ ಮೇಲಿಂದ ನೋಡಿ ನಕ್ಕುಬಿಟ್ಟರು.

"ಅಷ್ಟೇ ತಾನೇ? ನಂಗೂ ಐತೆ ಕಣಮ್ಮಾ. ನಮ್ಮಣ್ಣಂಗೂ ಐತೆ. ಈಗ ಯಾರಿಗಿಲ್ಲ ಹೇಳು? ಇನ್ಮೇಲೆ ನಿಂಗೂ ಸಪ್ಪೆ ಟೀ ಹೇಳಿದ್ರಾಯ್ತು."

ಅವತ್ತಿನಿಂದ ಹೋಟೆಲಿನಿಂದ ಎರಡು ಸಪ್ಪೆ ಟೀ ಬರತೊಡಗಿದವು, ಒಂದು ಅವರಿಗೆ, ಒಂದು ನನಗೆ. ಕಾಯಿಲೆಗೆ ಅಂಗಡಿಯ ಕಡೆಯಿಂದ ಆದ ಏರ್ಪಾಡು ಅಂದರೆ ಅಷ್ಟೆ. ಅದರ ಮೇಲೆ ಕಾವಲು ಬೇರೆ. ಆಯುಧಪೂಜೆಗೆ ಅಂಗಡಿಯ ಹುಡುಗರು ಎಲ್ಲರಿಗೂ ಮೈಸೂರುಪಾಕು ಹಂಚಿ, ನನ್ನ ಹತ್ತಿರ ಬಂದಾಗ ತಟ್ಟೆ ಹಿಂದೆ ಎಳೆದುಕೊಂಡು, "ಅಕ್ಕಂಗೆ ಬ್ಯಾಡ ಕಣ್ರೋ" ಅನ್ನುವುದು. ನಾನೇನು ಕೈ ಚಾಚಿದ್ದೆನಾ?

ಮಾತ್ರೆಯಿಂದ ಇನ್ಸುಲಿನ್ನಿಗೆ ಬಂದ ಮೇಲೆ ನಿಜವಾದ ಪೇಚು ಶುರುವಾಯಿತು. ಬೆಳಿಗ್ಗೆ ಚುಚ್ಚಿಕೊಂಡು ಬಂದರೆ ಹೊತ್ತಿಗೆ ಸರಿಯಾಗಿ ಊಟ ಬೀಳಲೇಬೇಕು. ಮದುವೆ ಕಾಲದಲ್ಲಿ ನಮಗೆ ಊಟದ ಹೊತ್ತು ಅಂತ ಒಂದು ಇದ್ದರೆ ತಾನೆ! ಗಿರಾಕಿ ಎದುರಿಗಿದ್ದಾಗ ಬುತ್ತಿ ಬಿಚ್ಚುವುದು ಅಂದರೆ ಲಕ್ಷ್ಮಿಗೆ ಬೆನ್ನು ತಿರುಗಿಸಿದಂತೆ. ಒಂದು ಮಧ್ಯಾಹ್ನ ಅರೇಹಳ್ಳಿ ಕಡೆಯ ದೊಡ್ಡ ಮನೆತನದವರು ಬಂದು ಅಂಗಡಿಯನ್ನೇ ಬಿಚ್ಚಿಸಿ ಕೂತಿದ್ದರು. ಊಟ ತಡವಾಗಿ ಸಕ್ಕರೆ ತೀರಾ ಇಳಿದು ನನಗೆ ಮೈಯೆಲ್ಲ ಬೆವರು, ಕೈ ನಡುಕ, ಸೀರೆಯ ಅಂಚು ಎರಡೆರಡಾಗಿ ಕಾಣುತ್ತಿತ್ತು. ಬ್ಯಾಗಿನಲ್ಲಿ ಇದಕ್ಕೆಂದೇ ಇಟ್ಟಿದ್ದ ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳಲು ಹೋದರೆ, ಪಕ್ಕದ ವಿಭಾಗದ ಹುಡುಗಿ ಓಡಿಬಂದು ಕೈಹಿಡಿದಳು.

"ಅಯ್ಯೋ ಅಕ್ಕಾ! ಶುಗರ್ ಇಟ್ಕಂಡು ಬೆಲ್ಲ ತಿಂತೀರಲ್ಲಾ!"

"ಕೈ ಬಿಡ್ತೀಯೋ ಇಲ್ಲಾ ನಿನ್ನೇ ತಿನ್ಲೋ?" ಅಂದೆ. ಆ ಮನೆತನದ ಹೆಂಗಸರೆಲ್ಲ ಬಿಟ್ಟ ಬಾಯಿ ಬಿಟ್ಟಂತೆ ನೋಡಿದರು. ಬೆಲ್ಲ ಕರಗಿ, ಕಣ್ಣು ನೆಟ್ಟಗಾಗಿ, ನಾನು ಮತ್ತೆ ಸೀರೆ ಹಿಡಿದೆ. ಸಾಹುಕಾರರು ಅವತ್ತು ಏನೂ ಅನ್ನಲಿಲ್ಲ, ವ್ಯಾಪಾರ ಆಗಿತ್ತು.

ಕಾಲಿನ ವಿಷಯ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಗೆಂಡೆಹಳ್ಳಿ ಕಡೆಯ ರೈತರ ಮನೆಯವರು, ಮಗಳ ಮದುವೆ ಜವಳಿಗೆ ಬಂದಿದ್ದರು. ತಾಯಿ ತುಂಬ ಸಮಾಧಾನದ ಹೆಂಗಸು. ಕೆನೆಬಣ್ಣದ ಮೈ, ಕೆಂಪಂಚು, ಸಣ್ಣ ಜರಿಯ ಧಾರೆ ಸೀರೆ ಅವರ ಮನಸ್ಸಿಗೆ ಬಂತು. ನಾನು ಅದನ್ನು ಪೂರ್ತಿ ಬಿಡಿಸಿ ಗಾದಿಯ ಮೇಲೆ ಹರಡಿದೆ, ಹುಡುಗಿಯ ಹೆಗಲಿಗೆ ಸೆರಗು ಹಾಕಿದೆ, ಹಿಂದೆ ಸರಿದು ನಿಂತು, "ನೋಡಿ, ಈಗ ಮದುಮಗಳ ಕಳೆ ಬಂತು" ಅಂದೆ. ತಾಯಿ ಸೀರೆಯನ್ನು ಎತ್ತಿ ಕಣ್ಣಿಗೊತ್ತಿಕೊಳ್ಳಲು ಹೋದವರು ಹಾಗೇ ನಿಂತುಬಿಟ್ಟರು.

"ಅಕ್ಕಾ, ಇದೇನಿದು? ರಕ್ತ ಇದ್ದಂಗೈತೆ."

ಕೆನೆಬಣ್ಣದ ಮೇಲೆ ಕೆಂಪು ಚುಕ್ಕೆಗಳು. ಒಂದರ ಪಕ್ಕ ಒಂದು, ಯಾರೋ ಕುಂಕುಮದ ಬೆರಳಿಟ್ಟುಕೊಂಡು ಹೋದ ಹಾಗೆ. ಎಲ್ಲರೂ ತಮ್ಮ ತಮ್ಮ ಕೈ ನೋಡಿಕೊಂಡರು. ಬಳೆ ಒಡೆಯಿತಾ ಅಂತ ಹುಡುಗಿಯ ಕೈ ನೋಡಿದರು. ನಾನೇ ಎಲ್ಲರಿಗಿಂತ ಜೋರಾಗಿ, "ಯಾರಿಗೆ ಏನಾಯ್ತು ನೋಡ್ಕಳ್ರಮ್ಮಾ" ಅನ್ನುತ್ತಿದ್ದೆ. ಆಮೇಲೆ ಹುಡುಗಿ ಮೆಲ್ಲಗೆ, "ಆಂಟಿ, ನಿಮ್ಮ ಕಾಲು" ಅಂದಳು.

ಬಿಳಿ ಹೊದಿಕೆಯ ಮೇಲೆ ನಾನು ನಡೆದಲ್ಲೆಲ್ಲ ಗುರುತು. ಕೂತು ಕಾಲು ತಿರುಗಿಸಿದೆ. ಬಲಗಾಲಿನ ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡಕ್ಕೆ ಒಂದು ಗುಂಡುಪಿನ್ನು ತಲೆಯವರೆಗೂ ಹೊಕ್ಕು ಕೂತಿತ್ತು. ಸೀರೆಯ ಮಡಿಕೆಗೆ ಹಾಕಿರುತ್ತಾರಲ್ಲ, ಅದೇ ಪಿನ್ನು. ದಿನಾ ನೂರಾರು ತೆಗೆದು ಡಬ್ಬಿಗೆ ಹಾಕುತ್ತೇವೆ, ಒಂದೊಂದು ಬಿದ್ದುಹೋಗುತ್ತದೆ. ಯಾವಾಗ ತುಳಿದೆನೋ, ಎಷ್ಟು ಹೊತ್ತು ಅದರ ಮೇಲೆಯೇ ನಿಂತು, ನಡೆದು, ನಗುತ್ತಾ ಮಾತಾಡುತ್ತಾ ಇದ್ದೆನೋ. ನೋವು ಅನ್ನುವುದು ಇಷ್ಟೂ ಇರಲಿಲ್ಲ. ರಕ್ತ ನೋಡಿ ನನಗೆ ಭಯವಾಗಲಿಲ್ಲ. ಪಿನ್ನನ್ನು ಎಳೆದು ತೆಗೆಯುವಾಗಲೂ ಏನೂ ಅನ್ನಿಸಲಿಲ್ಲವಲ್ಲ, ಆಗ ಭಯವಾಯಿತು.

ಗೆಂಡೆಹಳ್ಳಿಯವರು ಜಗಳ ಮಾಡಲಿಲ್ಲ. "ಪಾಪ, ಮೊದ್ಲು ಆಯಮ್ಮಂಗೆ ಔಷ್ದಿ ಹಾಕ್ಸಿ" ಅಂದು, ಬೇರೆ ಸೀರೆಯನ್ನೂ ನೋಡದೆ ಎದ್ದು ಹೋದರು. ಧಾರೆ ಸೀರೆಯ ಮೇಲೆ ರಕ್ತ ಬಿದ್ದ ಅಂಗಡಿಯಲ್ಲಿ ಮತ್ತೆ ಯಾರು ತಾನೇ ಕೂರುತ್ತಾರೆ? ಸಾಹುಕಾರರ ಮುಖ ಕಪ್ಪಾಗಿತ್ತು. ಅವರು ನನ್ನನ್ನು ಬೈಯಲಿಲ್ಲ. ಗಾದಿಯ ಹೊದಿಕೆ ತೆಗೆಸಿ, ಗೋಮೂತ್ರ ಚಿಮುಕಿಸಿ, ಕಾಯಿ ಒಡೆಸಿದರು. "ವಾಸಿಯಾದ್ಮೇಲೆ ಬಾ" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ಗಾಯ ತೊಳೆದು ಕಟ್ಟಿದ ಮೇಲೆ, ಮೀನು ಹಿಡಿಯುವ ದಾರದಂಥ ಗಟ್ಟಿ ಪ್ಲಾಸ್ಟಿಕ್ ಎಳೆ ಸಿಕ್ಕಿಸಿದ ಒಂದು ಕಡ್ಡಿ ತೆಗೆದರು. ಮೊದಲು ಅದನ್ನು ನನ್ನ ಅಂಗೈಗೆ ಮುಟ್ಟಿಸಿ, "ಹೀಗಿರುತ್ತೆ, ಗೊತ್ತಾಯ್ತಲ್ಲ? ಈಗ ಕಣ್ಣು ಮುಚ್ಚಿ. ಕಾಲಿಗೆ ಮುಟ್ಟಿದಾಗ 'ಹೂಂ' ಅನ್ನಿ" ಅಂದರು. ನಾನು ಕಣ್ಣು ಮುಚ್ಚಿ ಕೂತೆ. ಕಾದೆ. ಹೊರಗೆ ಯಾರದೋ ಮಗು ಅಳುತ್ತಿತ್ತು.

"ಶುರು ಮಾಡಿ ಡಾಕ್ಟ್ರೇ" ಅಂದೆ.

"ಎರಡೂ ಕಾಲು ಮುಗೀತಮ್ಮಾ" ಅಂದರು.

ಆಮೇಲೆ ಅವರು ಹೇಳಿದ್ದು ಇಷ್ಟು. ಸಕ್ಕರೆ ಕಾಯಿಲೆಯಿಂದ ನರ ಸೋತಿದೆ, ಅಂಗಾಲಿನ ಸುದ್ದಿ ಮೇಲಕ್ಕೆ ಮುಟ್ಟುತ್ತಿಲ್ಲ. ನೋವು ಅನ್ನುವುದು ಕಾವಲುಗಾರ, ನಿಮ್ಮ ಕಾವಲುಗಾರ ಮಲಗಿಬಿಟ್ಟಿದ್ದಾನೆ. ಇನ್ನು ಮೇಲೆ ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಬಾರದು, ಮನೆಯ ಒಳಗೂ. ಮೆತ್ತನೆ ಅಡಿಯ, ಬೆರಳು ಮುಚ್ಚುವ ಪಾದರಕ್ಷೆ ಹಾಕಬೇಕು. ದಿನಾ ರಾತ್ರಿ ಅಂಗಾಲು ನೋಡಿಕೊಳ್ಳಬೇಕು. ಈ ಸಲ ಪಿನ್ನು, ಗಾಯ ಕೀವಾಗದೆ ಉಳಿದರೆ ಪುಣ್ಯ. "ಕೀವಾದ್ರೆ ಮೊದಲು ಬೆರಳು ಹೋಗುತ್ತೆ, ಆಮೇಲೆ ಕಾಲು. ಹೆದರಿಸ್ತಿಲ್ಲ, ಇಲ್ಲೇ ದಿನಾ ನೋಡ್ತಿದೀನಿ." ಹಾಗೆ ಅಂದು ನಾನು ಎಲ್ಲಿ ಕೆಲಸ ಮಾಡುವುದು ಅಂತ ಕೇಳಿದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ಅಂಗಡೀಲಿ ಚಪ್ಪಲಿ ಹಾಕೋಕೆ ಬಿಡ್ತಾರಾ?" ಅಂದರು.

ಗಾಯ ಮಾಯಲು ಬಹಳ ದಿನ ಹಿಡಿಯಿತು. ಹೊಸದಾಗಿ ಕೊಂಡ ಮೆತ್ತನೆ ಚಪ್ಪಲಿ ಮೆಟ್ಟಿಕೊಂಡು ನಾನು ಅಂಗಡಿಯ ಬಾಗಿಲಿಗೆ ಹೋಗಿ ಅಲ್ಲೇ ನಿಂತೆ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಒಂದು ಬೇರೆ ಜೊತೆ ತಂದು ಅಂಗಡಿಯಲ್ಲೇ ಇಡುತ್ತೇನೆ, ಬೀದಿಯ ಮಣ್ಣು ಅದಕ್ಕೆ ತಾಗುವುದಿಲ್ಲ, ಅದನ್ನು ಹಾಕಿಕೊಂಡು ಗಾದಿ ಹತ್ತುತ್ತೇನೆ ಅಂದೆ.

ಸಾಹುಕಾರರು ಕಿವಿ ಮುಚ್ಚಿಕೊಳ್ಳುವುದೊಂದು ಬಾಕಿ.

"ಶಿವಶಿವಾ! ಗಾದಿ ಮೇಲೆ ಚಪ್ಪಲಿನಾ? ಏನ್ ಮಾತಾಡ್ತಿದೀಯ ಅಂತ ಗ್ಯಾನ ಐತಾ ನಿಂಗೆ?"

"ಕಾಲು ಹೋದ್ರೆ ಯಾರ್ ಕೊಡ್ತಾರೆ ಸಾವ್ಕಾರ್ರೇ?"

"ನಂಗೂ ಐತಲ್ಲಮ್ಮಾ ಅದೇ ಕಾಯ್ಲೆ! ನಿನ್ಗಿಂತ ಮುಂಚಿಂದ್ಲೂ ಐತೆ. ನಾನೇನು ಚಪ್ಪಲಿ ಮೆಟ್ಕಂಡು ಕೂತಿದೀನಾ? ನಂಗೇನಾಗೈತೆ?"

ನೀವು ಕೂರುತ್ತೀರಿ, ನಾವು ನಿಲ್ಲುತ್ತೇವೆ ಅಂದೆ. ಅವರಿಗೆ ಅದು ಹಿಡಿಸಲಿಲ್ಲ. ದೊಡ್ಡ ಮನಸ್ಸು ಮಾಡಿದವರಂತೆ ಒಂದು ದಾರಿ ಹೇಳಿದರು. ಅರಸೀಕೆರೆಯಲ್ಲಿ ಅವರ ಅಣ್ಣನ ಗೋಡೌನಿದೆ. ಅಲ್ಲಿ ಬರೀ ಲೈನಿಂಗು, ಫಾಲ್ಸು, ಲಂಗದ ಬಟ್ಟೆಯ ಗಂಟುಗಳು. ಅಲ್ಲಿ ಗಾದಿಯಿಲ್ಲ, ಲಕ್ಷ್ಮಿಯ ಪಟವಿಲ್ಲ. "ಕುರ್ಚಿ ಹಾಕ್ಕೊಂಡು ಕೂತ್ಕೋ, ಮಡಿಚು, ಚಪ್ಪಲಿ ಬೇಕಾದ್ರೆ ಎರಡು ಜೊತೆ ಹಾಕ್ಕೋ. ಸಂಬಳ ಅಷ್ಟೇ ಕೊಡ್ತೀವಿ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಹೋದೆ. ಹೋಗದೆ ಏನು ಮಾಡಲಿ? ಹಳೇಬೀಡಿನಿಂದ ಜಾವಗಲ್ ಮೇಲೆ ಅರಸೀಕೆರೆಗೆ ಬಸ್ಸಿನಲ್ಲಿ ಕುಲುಕಿಕೊಂಡು, ಸಂಜೆ ಹಾಗೇ ವಾಪಸ್ಸು. ಗೋಡೌನಿಗೆ ಒಂದೇ ಕಿಟಕಿ. ಕೂತು ಫಾಲ್ಸಿನ ಕಟ್ಟು ಬಿಚ್ಚಿ ಬಣ್ಣದ ಪ್ರಕಾರ ವಿಂಗಡಿಸುವುದು. ಮಾತಾಡಲು ಒಂದು ನರಪಿಳ್ಳೆಯಿಲ್ಲ. ಜೀವಮಾನವಿಡೀ ಹೆಂಗಸರ ಮುಖ ನೋಡಿ ಸೀರೆ ತೆಗೆದವಳು ನಾನು. ಅಲ್ಲಿ ನೋಡಲು ಗೋಣಿಚೀಲ. ಒಂದು ದಿನ ಹಸಿರು ಫಾಲ್ಸಿನ ಕಟ್ಟಿಗೆ, "ನಿಮ್ ಕಣ್ಣಿಗೆ ಹೆಂಗೆ ಕಾಣ್ತೈತೆ ಅಕ್ಕಾ?" ಅಂತ ಕೇಳಿ, ಕೇಳಿದ ಮೇಲೆ ಅತ್ತುಬಿಟ್ಟೆ. ಅಳು ಬಂತು ಅಂತ ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಸಂಬಳ ಕೊಡುತ್ತಾರಲ್ಲ, ಮತ್ತಿನ್ನೇನು ಅಂತ ಕೇಳಿದವರಿಗೆಲ್ಲ ಹೇಳುತ್ತೇನೆ: ಅದು ಬರೀ ಸಂಬಳ, ಸೀರೆ ತೋರಿಸುವುದು ನನ್ನ ಕೆಲಸ. ನನಗೆ ಕಾಲೂ ಬೇಕಿತ್ತು, ಬೇಲೂರಿನ ಗಾದಿಯೂ ಬೇಕಿತ್ತು. ಒಂದನ್ನು ಕೊಟ್ಟು ಇನ್ನೊಂದನ್ನು ಉಳಿಸಿಕೋ ಅನ್ನುವ ಪಂಚಾಯ್ತಿಗೆ ನಾನು ಒಪ್ಪಲಿಲ್ಲ.

ನನ್ನ ಗಂಡ ಹಳೇಬೀಡಿನಲ್ಲಿ ಆಟೋ ಓಡಿಸುತ್ತಾರೆ. ಅವರೇ ಒಂದು ದಿನ, "ಹಿಂಗೆ ಮನೇಲಿ ಪಾತ್ರೆ ಮೇಲೆ ಸಿಟ್ಟು ತೀರಿಸ್ಕಳ್ಳೋ ಬದ್ಲು ಲೇಬರ್ ಆಫೀಸಿಗೆ ಹೋಗಿ ಕೇಳೇ" ಅಂದರು. ಹೋದೆ. ಅಲ್ಲಿನ ಅಧಿಕಾರಿ ವಯಸ್ಸಿನ ಹುಡುಗ, ಆದರೆ ಸಮಾಧಾನದಿಂದ ಕೂರಿಸಿ ಕೇಳಿದ. ಅಂಗಡಿ ಕೆಲಸದವರಿಗೂ ಕಾನೂನಿದೆ ಅಂದ. ಒಂದೇ ಸಮನೆ ಐದು ಗಂಟೆಗಿಂತ ಹೆಚ್ಚು ದುಡಿಸುವ ಹಾಗಿಲ್ಲ, ನಡುವೆ ಬಿಡುವು ಕೊಡಲೇಬೇಕು. ವಾರದ ರಜೆ ಕೊಡಲೇಬೇಕು. ಇಷ್ಟು ವರ್ಷ ದುಡಿದವಳನ್ನು ಸರಿಯಾದ ಕಾರಣ ಇಲ್ಲದೆ, ಮುಂಚೆ ತಿಳಿಸದೆ ತೆಗೆಯುವ ಹಾಗಿಲ್ಲ. ಕೇಳುತ್ತಾ ಕೇಳುತ್ತಾ ನನ್ನ ಬೆನ್ನು ನೆಟ್ಟಗಾಯಿತು.

"ಚಪ್ಪಲಿ ವಿಷ್ಯ?" ಅಂದೆ.

ಅವನು ತಲೆ ಕೆರೆದುಕೊಂಡ. "ಚಪ್ಪಲಿ ಅಂತ ಎಲ್ಲೂ ಬರೆದಿಲ್ಲಮ್ಮಾ. ಅವರು ನಿಮ್ಮನ್ನ ತೆಗೆದಿಲ್ಲ, ಜಾಗ ಬದಲಾಯಿಸಿದ್ದಾರೆ. ಅದೂ ಕಾಯಿಲೆ ನೋಡಿಯೇ ಬದಲಾಯಿಸಿದ್ದು ಅಂತಾರೆ. ವಾದ ಮಾಡಬಹುದು, ಮಾಡಬಾರದು ಅಂತಲ್ಲ. ಬರೆದು ಕೊಟ್ರೆ ನಾನು ಅಂಗಡಿಗೆ ನೋಟಿಸ್ ಕಳಿಸ್ತೀನಿ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆದರೆ ಅವನದೂ ತಪ್ಪಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದ. ನಾನು ಬರೆದು ಕೊಡಲಿಲ್ಲ. ನೋಟಿಸು ಹೋದರೆ ಸಾಹುಕಾರರು ನನ್ನನ್ನು ಗಾದಿ ಹತ್ತಿಸಬಹುದು, ಆದರೆ ಅವರ ಅಪ್ಪ ಹಣೆಯಿಟ್ಟ ಜಾಗಕ್ಕೆ ನಾನು ಪೊಲೀಸರ ಹಾಗೆ ನುಗ್ಗಿದಂತಾಗುತ್ತದೆ. ನನಗೆ ಅದು ಬೇಡವಾಗಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಬೇಲೂರಿಗೆ ಹೋಗಿ ಸಾಹುಕಾರರ ಮುಂದೆಯೇ ಎಲ್ಲ ಹೇಳಿದೆ.

"ಆಫೀಸಿಗೆ ಹೋಗಿದ್ಯಾ?" ಅಂದರು. ಸಿಟ್ಟಿಗಿಂತ ನೋವು ಹೆಚ್ಚಿತ್ತು ಆ ಮಾತಿನಲ್ಲಿ. "ನಿನ್ನ ಮಗಳ ಮದ್ವೆ ಜವಳಿನ ನಾನು ಲಾಭ ನೋಡ್ದೆ ಕೊಟ್ಟಿದ್ದು ಮರ್ತೋಯ್ತಾ?"

"ಮರ್ತಿಲ್ಲ, ಅದ್ಕೇ ಬರೆದು ಕೊಡ್ಲಿಲ್ಲ. ಹೊತ್ತಿಗೆ ಊಟಕ್ಕೆ ಬಿಡಬೇಕು ಅಂತ ಕಾನೂನೇ ಐತೆ. ನಂಗೊಬ್ಳಿಗಲ್ಲ, ಈ ಮಕ್ಕಳಿಗೆಲ್ಲಾ."

ಆ ಒಂದು ಮಾತಿಗೆ ಅವರು ಒಪ್ಪಿದರು. ಅವತ್ತಿನಿಂದ ಗಿರಾಕಿ ಇರಲಿ ಬಿಡಲಿ, ಸರದಿ ಮೇಲೆ ಎಲ್ಲರೂ ಹಿಂದಿನ ಕೋಣೆಗೆ ಹೋಗಿ ಉಣ್ಣುತ್ತಾರೆ. ಆದರೆ ಚಪ್ಪಲಿಯ ಮಾತೆತ್ತಿದರೆ, "ಕಾನೂನು ಬ್ಯಾರೆ, ಲಕ್ಷ್ಮಿ ಬ್ಯಾರೆ" ಅಂದುಬಿಟ್ಟರು. ಯುಗಾದಿ ಮುಗಿದರೆ ಮದುವೆಗಳ ಸುಗ್ಗಿ. ಅಷ್ಟರಲ್ಲಿ ಬರಿಗಾಲಲ್ಲಿ ಗಾದಿ ಹತ್ತುತ್ತೇನೆ ಅಂದರೆ ಬೇಲೂರು, ಇಲ್ಲದಿದ್ದರೆ ನನ್ನ ಜಾಗಕ್ಕೆ ಬೇರೆಯವರು, ನಾನು ಖಾಯಮ್ಮಾಗಿ ಅರಸೀಕೆರೆ. ತೀರ್ಮಾನ ನಿನಗೇ ಬಿಟ್ಟದ್ದು ಅಂದರು. ಎಂಥಾ ಚಂದದ ತೀರ್ಮಾನ!

ಅದೇ ವಾರದ ರಜೆಯ ದಿನ ಗಂಡನಿಗೆ ಊಟ ಕೊಡಲು ಹಳೇಬೀಡಿನ ದೇವಸ್ಥಾನದ ಮುಂದಿನ ಆಟೋ ನಿಲ್ದಾಣಕ್ಕೆ ಹೋಗಿದ್ದೆ. ನೆತ್ತಿ ಸುಡುವ ಬಿಸಿಲು. ಚಪ್ಪಲಿ ಬಿಟ್ಟ ಪ್ರವಾಸಿಗಳು ಕಾದ ಕಲ್ಲಿನ ಮೇಲೆ ಕುಣಿಯುತ್ತಾ ಓಡುತ್ತಿದ್ದರು. ಕೆಲವರು ಮಾತ್ರ ಜಾಣರು, ಬ್ಯಾಗಿನಿಂದ ದಪ್ಪ ಕಾಲುಚೀಲ ತೆಗೆದು ಹಾಕಿಕೊಂಡು ಆರಾಮಾಗಿ ಒಳಗೆ ಹೋದರು. ಕಾವಲಿನವರು ಏನೂ ಅನ್ನಲಿಲ್ಲ. ಹುಟ್ಟಿದಾಗಿನಿಂದ ನೋಡಿದ ನೋಟ ಅದು. ಅವತ್ತು ಮಾತ್ರ ಅನ್ನದ ಡಬ್ಬಿ ಕೈಯಲ್ಲಿ ಹಿಡಿದು ನಿಂತೇಬಿಟ್ಟೆ. ದೇವರ ಅಂಗಳಕ್ಕೇ ಬಟ್ಟೆ ಮೆಟ್ಟಿ ಹೋಗಬಹುದಾದರೆ ಗಾದಿಗೆ ಯಾಕಾಗಬಾರದು? ಚರ್ಮ ಮೈಲಿಗೆ, ಬೀದಿಯ ಕೊಳೆ ಮೈಲಿಗೆ. ಬಟ್ಟೆಗೆ ಯಾವ ಮೈಲಿಗೆ? ಬಟ್ಟೆಯೇ ಲಕ್ಷ್ಮಿ ಅಂತ ಅವರೇ ಅಲ್ಲವಾ ಹೇಳುವುದು!

ಬರೀ ಕಾಲುಚೀಲ ಪಿನ್ನು ತಡೆಯುವುದಿಲ್ಲ. ಹಾಗಾಗಿ ಡಾಕ್ಟರಮ್ಮ ಹೇಳಿದಂಥ ಮೆತ್ತನೆಯ, ಪಿನ್ನು ತೂರದಷ್ಟು ದಪ್ಪದ ರಬ್ಬರ್ ಅಡಿಯನ್ನು ಬಿಡಿಯಾಗಿ ಕೊಂಡೆ. ನಮ್ಮ ಅಂಗಡಿಯ ಜಗಲಿಯಲ್ಲಿ ಮಿಷನ್ ಇಟ್ಟುಕೊಂಡು ಸೀರೆಗೆ ಫಾಲ್ಸು ಹೊಲಿಯುವವರೊಬ್ಬರಿದ್ದಾರೆ, ನಾನು ಸೇರಿದಾಗಿನಿಂದ ಇರುವವರು. ಅವರಿಗೆ ಅಡಿಯನ್ನೂ, ಅಂಗಡಿಯ ಹುಡುಗಿಯರಿಂದ ಕೇಳಿ ತರಿಸಿದ ಗಾದಿಯ ಹಳೇ ಹೊದಿಕೆಯ ಬಟ್ಟೆಯನ್ನೂ ಕೊಟ್ಟು, ಅಡಿಯ ಸುತ್ತ ಬಟ್ಟೆಯಿಂದಲೇ ಹೊಲಿದು, ಬೆರಳು ಮುಚ್ಚುವ ಹಾಗೆ ಮೇಲುಗಡೆಯೂ ಬಟ್ಟೆ ಕೂರಿಸಿ ಅಂದೆ.

"ಇದನ್ನ ಏನಂತ ಕರೀಬೇಕಮ್ಮಾ?" ಅಂತ ಕೇಳಿದರು.

"ಗಾದಿ ಅನ್ನಿ. ಅಲ್ಲಿರೋದು ದೊಡ್ಡ ಗಾದಿ, ಇದು ಕಾಲಿನ ಗಾದಿ" ಅಂದೆ. ಅವರು ನಕ್ಕು, ಹಲ್ಲಿನಲ್ಲಿ ದಾರ ಕಡಿದು, ಅಚ್ಚುಕಟ್ಟಾಗಿ ಹೊಲಿದು ಕೊಟ್ಟರು.

ಶುಕ್ರವಾರ ಅಂಗಡಿಯಲ್ಲಿ ಪೂಜೆ. ಸಾಹುಕಾರರ ಹೆಂಡತಿ, ನಾವು ಅಕ್ಕೋರು ಅನ್ನುತ್ತೇವೆ, ಅವತ್ತು ಮಾತ್ರ ಬಂದು ಲಕ್ಷ್ಮಿಯ ಪಟಕ್ಕೆ ಹೂ ಹಾಕಿ ಹೋಗುತ್ತಾರೆ. ಬೇಕೆಂದೇ ಅದೇ ದಿನ ಹೋದೆ. ಮಂಗಳಾರತಿ ಆಗುವವರೆಗೆ ಬಾಗಿಲಲ್ಲಿ ಕೈಮುಗಿದು ನಿಂತಿದ್ದು, ಆಮೇಲೆ ಬಟ್ಟೆಯ ಆ ಜೊತೆಯನ್ನು ಗಾದಿಯ ಪಕ್ಕದಲ್ಲಿಟ್ಟೆ.

ಸಾಹುಕಾರರು ಬಗ್ಗಿ ನೋಡಿದರು. "ಇದೇನು?"

"ನಿಮ್ಮ ಗಾದಿ ಬಟ್ಟೇನೇ. ಚರ್ಮ ಇಲ್ಲ, ಬೀದಿ ಕಂಡಿಲ್ಲ. ಇದನ್ನ ಹಾಕ್ಕೊಂಡು ಹತ್ತೀನಿ."

"ಹೆಂಗೆ ಹೊಲ್ಸಿದ್ರೂ ಕಾಲಿಗೆ ಮೆಟ್ಟೋದು ಮೆಟ್ಟೋದೇ ಅಲ್ವಾ" ಅಂದರು. ಮೊದಲಿನ ಜೋರು ಇರಲಿಲ್ಲ, ಆದರೆ ಒಪ್ಪಲೂ ಇಲ್ಲ. ಮತ್ತೆ ಅದೇ ಹಳೇ ರಾಗ: "ನಂಗೂ ಐತೆ ಕಾಯ್ಲೆ. ದಿನಾ ಬರಿಗಾಲಲ್ಲಿ ಇಲ್ಲೇ ಓಡಾಡ್ತೀನಿ. ನಂಗೇನಾಗೈತೆ ತೋರ್ಸು."

ಈ ಮಾತನ್ನು ಎಷ್ಟು ಸಲ ಕೇಳಿದ್ದೆನೋ. ಅವತ್ತು ನನಗೆ ಪಿತ್ತ ನೆತ್ತಿಗೇರಿತು.

"ಏನಾಗೈತೆ ಅಂತ ನಿಮಗಾದ್ರೂ ಗೊತ್ತಾ ಸಾವ್ಕಾರ್ರೇ? ನಂಗೂ ಗೊತ್ತಿರ್ಲಿಲ್ಲ. ಅಕ್ಕೋರೇ, ಇಲ್ಲಿ ಬನ್ನಿ."

ಸೀರೆಗೆ ಬೆಲೆಚೀಟಿ ಸಿಕ್ಕಿಸುವ ಪ್ಲಾಸ್ಟಿಕ್ ಎಳೆ ನಮ್ಮ ಅಂಗಡಿಯಲ್ಲಿ ಕಸದ ಹಾಗೆ ಬಿದ್ದಿರುತ್ತದೆ. ಉದ್ದನೆಯದೊಂದನ್ನು ಆರಿಸಿ ಅಕ್ಕೋರ ಕೈಗೆ ಕೊಟ್ಟೆ. ಡಾಕ್ಟರಮ್ಮ ನನಗೆ ಮಾಡಿದ್ದನ್ನು ಹೇಳಿದೆ. "ಮೊದ್ಲು ನಿಮ್ಮ ಅಂಗಾಲಿಗೇ ಮುಟ್ಟಿಸ್ಕಂಡು ನೋಡಿ" ಅಂದೆ. ಅವರು ಮುಟ್ಟಿಸಿಕೊಂಡು, ಕಾಲು ಸರಕ್ಕನೆ ಎಳೆದುಕೊಂಡು, "ಥೂ, ಕಚಗುಳಿ" ಅಂತ ನಕ್ಕರು. ಹುಡುಗಿಯರೂ ನಕ್ಕರು. ಸಾಹುಕಾರರೂ ನಗುತ್ತಲೇ, "ಇದೊಂದು ಆಟ ನಿಮ್ದು" ಅಂತ ಗಾದಿಯ ಅಂಚಿಗೆ ಸರಿದು ಕಾಲು ಚಾಚಿದರು.

"ಕಣ್ಣು ಮುಚ್ಕಳಿ. ಅಕ್ಕೋರು ಮುಟ್ಟಿದಾಗ ಹೂಂ ಅನ್ನಿ."

ಅವರು ಕಣ್ಣು ಮುಚ್ಚಿದರು. ಅಕ್ಕೋರು ಕೆಳಗೆ ಕೂತು, ಎಳೆಯನ್ನು ಹೆಬ್ಬೆರಳಿಗೆ ಒತ್ತಿದರು. ಎಳೆ ಬಾಗಿತು. ಪಕ್ಕದ ಬೆರಳಿಗೆ ಒತ್ತಿದರು. ಅಂಗಾಲಿಗೆ ಒತ್ತಿದರು. ಇನ್ನೊಂದು ಕಾಲಿಗೂ ಒತ್ತಿದರು. ಅಕ್ಕೋರ ಮುಖದ ಮೇಲಿನ ನಗು ಹೋಗಿತ್ತು. ಅವರು ನನ್ನ ಕಡೆ ನೋಡಿದರು. ನಾನು ಇನ್ನೊಂದು ಸಲ ಅಂತ ಕೈಸನ್ನೆ ಮಾಡಿದೆ. ಮತ್ತೆ ಹೆಬ್ಬೆರಳಿಗೆ ಹಚ್ಚಿ, ಎಳೆ ಬಿಲ್ಲಿನ ಹಾಗೆ ಬಾಗುವವರೆಗೂ ಒತ್ತಿ ಹಿಡಿದರು.

"ಏನೇ ಯೋಚ್ನೆ ಮಾಡ್ತಾ ಕೂತೆ?" ಅಂದರು ಸಾಹುಕಾರರು ಕಣ್ಣು ಮುಚ್ಚಿಕೊಂಡೇ. "ಬೇಗ ಮುಟ್ಟು, ಗಿರಾಕಿ ಬರೋ ಹೊತ್ತಾಯ್ತು."

"ಕಣ್ಣು ಬಿಡ್ರೀ" ಅಂದರು ಅಕ್ಕೋರು. ಕೈ ಮಾತ್ರ ತೆಗೆಯಲಿಲ್ಲ. ಸಾಹುಕಾರರು ಕಣ್ಣು ಬಿಟ್ಟು ನೋಡಿದರು, ತಮ್ಮ ಹೆಬ್ಬೆರಳಿಗೆ ಒತ್ತಿ ಬಾಗಿ ನಿಂತ ಆ ಎಳೆಯನ್ನು. ಬಹಳ ಹೊತ್ತು ನೋಡಿದರು. ಆಸ್ಪತ್ರೆಯಲ್ಲಿ ನನ್ನ ಮುಖ ಹೇಗಾಗಿತ್ತು ಅಂತ ನನಗೆ ಆಗ ಗೊತ್ತಾಯಿತು.

"ನೀನು ಹತ್ತಮ್ಮಾ" ಅಂದರು ಕೊನೆಗೆ, ನನ್ನ ಕಡೆ ನೋಡದೆ. "ಹಾಕ್ಕೊಂಡೇ ಹತ್ತು. ಆ ಫಾಲ್ಸು ಹೊಲಿಯೋರನ್ನ ಒಳಗೆ ಕರಿ. ನನ್ನ ಕಾಲಿನ ಅಳತೇನೂ ತಗಳ್ಳಿ."

ನಾನು ಬಟ್ಟೆಯ ಗಾದಿ ಕಾಲಿಗೆ ಹಾಕಿಕೊಂಡು, ಎಂದಿನಂತೆ ಮುಟ್ಟಿ ಕಣ್ಣಿಗೊತ್ತಿಕೊಂಡು ದೊಡ್ಡ ಗಾದಿ ಹತ್ತಿದೆ. ಗೆದ್ದೆ ಅಂತ ಕುಣಿಯಬೇಕಿತ್ತು. ಅಷ್ಟೊಂದು ದಿನ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ ಬೈಗುಳಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಕೆಳಗೆ ಅಕ್ಕೋರು ಇನ್ನೂ ಆ ಕಾಲನ್ನು ಮಡಿಲಲ್ಲಿಟ್ಟುಕೊಂಡು, ಸೆರಗಿನ ತುದಿಯಿಂದ ಅಂಗಾಲನ್ನು ಒರೆಸುತ್ತಾ, ಒಂದೊಂದು ಬೆರಳನ್ನೂ ಬಿಡಿಸಿ ನೋಡುತ್ತಿದ್ದರು.